ಹದಿನಾಲ್ಕನೆಯ ಪೇಟ

ಬೆಳಗ್ಗೆ ಎದ್ದಾಗಿನಿಂದ ರಕ್ಷಿತಾಳ ಹಣೆಯ ಸುತ್ತ ಯಾರೋ ಬಿಗಿಯಾಗಿ ಪಟ್ಟಿ ಕಟ್ಟಿದ ಹಾಗಿತ್ತು. ತಲೆನೋವಲ್ಲ, ಜ್ವರವೂ ಅಲ್ಲ. ಪೇಟ ತೆಗೆದಿಟ್ಟ ಮೇಲೆ ಸ್ವಲ್ಪ ಹೊತ್ತು ಹಣೆಯ ಮೇಲೆ ಉಳಿಯುತ್ತದಲ್ಲ, ಆ ಬಿಗಿ. ಆದರೆ ಅವಳು ಪೇಟ ಇಟ್ಟುಕೊಂಡು ಮೂರು ವಾರವಾಗಿತ್ತು. ಮೂರು ವಾರ ಸುಮ್ಮನಿದ್ದ ತಲೆ ಇವತ್ತು ಎದ್ದು ಕೂತದ್ದಕ್ಕೆ ಕಾರಣ ನಿನ್ನೆ ಸಂಜೆ ಬಂದ ಫೋನು. ಒಂಟಿಕೊಪ್ಪಲಿನ ಮಹದೇವಪ್ಪನವರು ಅಪ್ಪನಿಗೆ ಫೋನ್ ಮಾಡಿ, "ನಾಳೆ ಹತ್ತೂವರೆಗೆ ಅಂಗಡಿಗೆ ಬರ್ತೀವಿ, ನಿಮ್ ಮಗಳೂ ಇರ್ಲಿ" ಅಂದಿದ್ದರು. ಮಗಳು ಯಾಕೆ ಎಂದು ಅಪ್ಪ ಕೇಳಲಿಲ್ಲ. ಅಪ್ಪ ಯಾವುದನ್ನೂ ಫೋನಿನಲ್ಲಿ ಕೇಳುವವರಲ್ಲ. ರಕ್ಷಿತಾಳ ತಲೆಯೊಳಗೆ ಮಾತ್ರ ಆಗಲೇ ಹಿನ್ನೆಲೆ ಸಂಗೀತ ಶುರುವಾಗಿತ್ತು. ಮೊದಲು ಚಪ್ಪಲಿಯ ಸದ್ದು, ಆಮೇಲೆ ನೆರಳು, ಮುಖ ಕೊನೆಗೆ. ವಿಲನ್ ಬರುವುದೇ ಹಾಗೆ. ಒಂದೇ ತೊಂದರೆ, ಈ ಕಥೆಯಲ್ಲಿ ತಪ್ಪು ಮಾಡಿದ್ದು ವಿಲನ್ ಅಲ್ಲ, ಹೀರೋಯಿನ್. ಅಂಥ ಸೀನಿಗೆ ಯಾವ ಸಂಗೀತ ಹಾಕುತ್ತಾರೋ ಅವಳಿಗೆ ಗೊತ್ತಿರಲಿಲ್ಲ.

ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅಪ್ಪನ ಅಂಗಡಿ. ಬಾಗಿಲು ಎಷ್ಟು ತಗ್ಗೆಂದರೆ ಪೇಟ ಕೊಳ್ಳಲು ಬರುವವರೆಲ್ಲ ಮೊದಲು ತಲೆ ಬಗ್ಗಿಸಬೇಕು. ಚಂದ್ರಮೌಳಿ ಚಾಪೆಯ ಮೇಲೆ ಕೂತು, ಮೊಣಕಾಲ ನಡುವೆ ಮರದ ತಲೆಯೊಂದನ್ನು ಇಟ್ಟುಕೊಂಡು ರೇಷ್ಮೆ ಬಟ್ಟೆಯ ನೆರಿಗೆ ಕೂರಿಸುತ್ತಿದ್ದರು. ಗೋಂದು, ಹುರಿಗಡಲೆ, ಅಗರಬತ್ತಿ ಮೂರೂ ಸೇರಿದ ವಾಸನೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಅಪ್ಪ ಮಾತಾಡುತ್ತಿರಲಿಲ್ಲ. ಗುಂಡುಸೂಜಿ ಇಲ್ಲದಿದ್ದರೂ ಅಷ್ಟೆ.

ಗೋಡೆಯ ಮೊಳೆಗಳಲ್ಲಿ ದಾರಗಳು ನೇತಾಡುತ್ತಿದ್ದವು. ಅವೇ ಅಪ್ಪನ ಅಳತೆಪುಸ್ತಕ. ಮದುವೆ ಗಂಡಿನ ತಲೆಯ ಸುತ್ತ ಬಿಳಿ ದಾರ ಸುತ್ತಿ, ಗಂಟು ಹಾಕಿ, ಹೆಸರಿನ ಚೀಟಿ ಕಟ್ಟಿ ನೇತುಹಾಕುವುದು. ಇಂಚು, ಸೆಂಟಿಮೀಟರು ಅಂದರೆ ಅಪ್ಪನಿಗೆ ಆಗದು. ಹೋದ ವರ್ಷ, ಎರಡು ಸಾವಿರದ ಎರಡರಲ್ಲಿ, ರಕ್ಷಿತಾ ಇಂಟರ್ನೆಟ್ಟಿನಲ್ಲಿ ಅಂಗಡಿ ತೆರೆಯುತ್ತೇನೆಂದು ಹೊರಟಾಗ ಮೊದಲ ಜಗಳ ಇದೇ. "ತಲೆ ಸೈಜು ಎಷ್ಟು ಅಂತ ಒಂದು ಕಾಲಮ್ ಹಾಕ್ಬೇಕು ಅಪ್ಪ." "ತಲೆಗೆಂಥ ಸೈಜು? ತಲೇನು ಬನಿಯನ್ನಾ?" ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ಅವಳು ಗಲ್ಲಿಯಾಚೆಯ ಗೆಳೆಯ ದಿಲೀಪನ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಆರ್ಡರ್ ಪುಟದಲ್ಲಿ ಹೀಗೆ ಬರೆದಳು: ಇಮೇಲಿನಲ್ಲಿ ಬಣ್ಣ ತಿಳಿಸಿ, ಗಂಡಿನ ತಲೆಗೆ ದಾರ ಸುತ್ತಿ, ಗಂಟು ಹಾಕಿ, ಕವರಿನಲ್ಲಿಟ್ಟು ಪೋಸ್ಟ್ ಮಾಡಿ. ದಿಲೀಪ ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. "ಲೇ, ಪ್ರಪಂಚದಲ್ಲೇ ಮೊದಲ್ನೇದು ಕಣೇ. ಆನ್‌ಲೈನ್ ಅಂಗಡಿ, ಗ್ಯಾರಂಟಿ ಅಂಚೆಯಣ್ಣಂದು." ಆದರೆ ದಾರಗಳು ಬಂದವು. ಪುಣೆಯಿಂದ ಬಂತು, ಹುಬ್ಬಳ್ಳಿಯಿಂದ ಬಂತು, ಮಸ್ಕತ್ತಿನಿಂದ ಬೆಂಕಿಪೊಟ್ಟಣದಲ್ಲಿ ಬಂತು. ಒಬ್ಬ ಮಹಾನುಭಾವ ಶೂ ಲೇಸನ್ನೇ ಕಳಿಸಿದ್ದ. ಅಪ್ಪ ಲೇಸನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿ, ಅದನ್ನೂ ಮೊಳೆಗೆ ಹಾಕಿದ್ದರು. ಅವತ್ತು ಅವಳಿಗೆ ಅನ್ನಿಸಿದ್ದು, ತಾನು ಗೆದ್ದೆ ಅಂತ. ಬಾಯಿಗೆ ಬೆರಳಿಟ್ಟು ಶಿಳ್ಳೆ ಹೊಡೆದಿದ್ದಳು. ಪಕ್ಕದ ಬಳೆ ಅಂಗಡಿಯ ಸುಂದರಮ್ಮ ಇಣುಕಿ, "ಹೆಣ್ಣಾ ನೀನು, ಬಸ್ ಕಂಡಕ್ಟ್ರಾ?" ಎಂದಿದ್ದರು.

ಎರಡನೆಯ ತೊಂದರೆ ಫೋಟೋದ್ದು. ಮರದ ತಲೆಗೆ ಗೋಂದು ಅಂಟಿ ಅಂಟಿ ಕಪ್ಪಾಗಿದೆ. ಅದರ ಮೇಲೆ ಪೇಟ ಇಟ್ಟು ದಿಲೀಪನ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದರೆ, ಆಕ್ಸಿಡೆಂಟಾಗಿ ಆಸ್ಪತ್ರೆ ಸೇರಿದ ಮಡಕೆಯ ಹಾಗೆ ಕಾಣುತ್ತಿತ್ತು. ದಿಲೀಪನ ತಲೆಗೆ ಇಟ್ಟರೆ ಕಿವಿಯ ಮೇಲೆ ನಿಂತಿತು. ಕೊನೆಗೆ ತನ್ನ ತಲೆಗೇ ಇಟ್ಟುಕೊಂಡಳು. ಜಡೆ ಒಳಗೆ ಸೇರಿಸಿ, ಗದ್ದ ಎತ್ತಿ, ಒಂದು ಹುಬ್ಬು ಏರಿಸಿ. ಗುಲಾಬಿ, ಅರಿಶಿನ, ನೇರಳೆ. ಒಂದೊಂದಕ್ಕೆ ಒಂದೊಂದು ಪೋಸು, ಒಂದೊಂದು ಡೈಲಾಗು. ಇದರಲ್ಲಿ ಅವಳಿಗೆ ಎಳ್ಳಷ್ಟೂ ಅಳುಕಿರಲಿಲ್ಲ, ಯಾಕೆಂದರೆ ಲೆಕ್ಕ ಅಪ್ಪನದೇ. ಪೇಟ ಮುಗಿದ ಮೇಲೆ ಅಪ್ಪ ಒಳಗಡೆ ಹಣೆ ತಾಗುವ ಜಾಗದಲ್ಲಿ ಬೆರಳಿಂದ ವಿಭೂತಿಯ ಒಂದು ಗೆರೆ ಎಳೆದು ಡಬ್ಬಿ ಮುಚ್ಚುತ್ತಾರೆ. ಗೆರೆ ಎಳೆಯುವ ತನಕ ಅದು ಬಟ್ಟೆ. ಮೇಲೆ ಬೆಕ್ಕು ಮಲಗಿದರೂ ಕೊಡವಿ ಇಡುತ್ತಾರೆ. ಎಳೆದ ಮೇಲೆ ಅದು ಆ ಗಂಡಿನದು, ಅಪ್ಪ ಕೂಡ ಮತ್ತೆ ಮುಟ್ಟುವುದಿಲ್ಲ. ಅವಳು ಇಟ್ಟುಕೊಂಡದ್ದೆಲ್ಲ ಬಟ್ಟೆಯೇ. ಹದಿಮೂರು ಬಟ್ಟೆ.

ಹದಿನಾಲ್ಕನೆಯದನ್ನು ನೆನೆದಾಗ ಹಣೆಯ ಬಿಗಿ ಕಿವಿಯವರೆಗೆ ಇಳಿಯುತ್ತಿತ್ತು. ಗಿಳಿಹಸಿರು ಪೇಟ, ಎಡಕ್ಕೆ ಒಂದು ಪುಟ್ಟ ಬೆಳ್ಳಿಯ ನಂದಿ. ನಂದಿ ಮಹದೇವಪ್ಪನವರ ಮನೆಯದು. ಅವರ ಮನೆಯ ಗಂಡುಗಳ ಪೇಟಕ್ಕೆಲ್ಲ ಅದನ್ನೇ ಹೊಲಿಸುವುದು ರೂಢಿಯಂತೆ. ಈ ಸಲ ಗಂಡು ಅವರ ತಮ್ಮನ ಮಗ ಮಹಾಂತೇಶ. ಎಂಟು ತಿಂಗಳ ಹಿಂದೆ ಇದೇ ಮಹಾಂತೇಶ ರಕ್ಷಿತಾಳನ್ನು ನೋಡಲು ಬಂದು, ಕೃಷ್ಣಮೂರ್ತಿಪುರಂನ ಅವಳ ಮನೆಯಲ್ಲಿ ಕೇಸರಿಬಾತಿನ ದ್ರಾಕ್ಷಿಯನ್ನು ಚಮಚದಿಂದ ಪಕ್ಕಕ್ಕೆ ಸರಿಸುತ್ತ ಕೂತಿದ್ದ. ಹಾಡ್ತೀಯಾ ಮಗಾ ಎಂದು ಮಹದೇವಪ್ಪನವರು ಕೇಳಿದ್ದಕ್ಕೆ ರಕ್ಷಿತಾ, "ಹಾಡ್ತೀನಿ ಸಾರ್, ಆದ್ರೆ ಆಮೇಲೆ ನೀವು ತಿಂಡಿ ಬಿಟ್ಟು ಎದ್ದೋದ್ರೆ ಅಮ್ಮ ನಂಗೆ ಬಯ್ತಾರೆ" ಎಂದಿದ್ದಳು. ಮಹಾಂತೇಶ ನಕ್ಕಿದ್ದ. ಅವನು ನಕ್ಕದ್ದು ಅವಳಿಗೆ ಇಷ್ಟವಾಗಿತ್ತು. ಇಷ್ಟವಾಗಿತ್ತು ಎಂಬುದೇ ಆಮೇಲೆ ಮುಳ್ಳಾಯಿತು. ಎರಡು ದಿನ ಬಿಟ್ಟು ಫೋನು ಬಂತು. ಅಪ್ಪ ರಿಸೀವರ್ ಕೆಳಗಿಟ್ಟು, "ಜಾತಕ ಕೂಡಲಿಲ್ವಂತೆ" ಅಂದರು. ಪಕ್ಕದ ಕೋಣೆಯಲ್ಲಿ ಇನ್ನೊಂದು ರಿಸೀವರ್ ಹಿಡಿದಿದ್ದ ರಕ್ಷಿತಾ ನಿಜವಾದ ಮಾತು ಕೇಳಿಸಿಕೊಂಡಿದ್ದಳು: "ಹುಡ್ಗಿ ಪರ್ವಾಗಿಲ್ಲ ಚಂದ್ರಮೌಳಿಯೋರೆ, ಬಾಯಿ ಒಂದು ಕಮ್ಮಿ ಇದ್ದಿದ್ರೆ." ಆಮೇಲೆ ಆರು ತಿಂಗಳಿಗೆ ಅವರೇ ಬಂದು, ಬೇರೆ ಹುಡುಗಿಯ ಜೊತೆ ನಿಶ್ಚಯವಾದ ಮಹಾಂತೇಶನ ತಲೆಯನ್ನು ಅಪ್ಪನ ಮುಂದೆ ಬಗ್ಗಿಸಿ ದಾರ ಸುತ್ತಿಸಿಕೊಂಡು ಹೋದರು. ಮಗಳು ಬೇಡ, ಪೇಟ ಬೇಕು. ಅಪ್ಪ ಗೆರೆ ಎಳೆದು ಡಬ್ಬಿ ಮುಚ್ಚಿ ಊಟಕ್ಕೆ ಹೋದ ಮಧ್ಯಾಹ್ನ ಅವಳು ಡಬ್ಬಿ ತೆಗೆದಳು. ಫೋಟೋಕ್ಕೆ ಹದಿಮೂರು ಸಾಕಾಗಿತ್ತು. ಫೋಟೋ ನೆಪ. ತಲೆಗಿಟ್ಟುಕೊಂಡಳು. ಅವಳಿಗೇ ಕಟ್ಟಿಸಿದ ಹಾಗೆ ಕೂತಿತು. ದಿಲೀಪನನ್ನು ಕರೆದು ಫೋಟೋ ತೆಗೆಸಿಕೊಂಡಳು. ಅವನು ಹೋದ ಮೇಲೂ ತೆಗೆಯಲಿಲ್ಲ. ಒಂದು ಗಂಟೆ ಹಾಗೇ ಕೂತು, ಚುರುಮುರಿ ತಂದು ತಿಂದಳು. ತೆಗೆದಾಗ ಗೆರೆ ಅಳಿಸಿತ್ತು. ಅಪ್ಪನ ವಿಭೂತಿ ಡಬ್ಬಿಗೆ ಬೆರಳು ಅದ್ದಿ, ಅಪ್ಪನ ಹಾಗೆಯೇ ಇನ್ನೊಂದು ಗೆರೆ ಎಳೆದು ಮುಚ್ಚಿದಳು. ಹಾಗೆ ಎಳೆಯುವಾಗ ಬೆರಳು ನಡುಗಲಿಲ್ಲ ಎಂಬುದೇ ಈಗ ಅವಳನ್ನು ಕಾಡುತ್ತಿತ್ತು.

ಚಪ್ಪಲಿಯ ಸದ್ದು. ನೆರಳು. ಮಹದೇವಪ್ಪನವರು ಬಾಗಿ ಒಳಗೆ ಬಂದರು. ಹಿಂದೆ ಮಹಾಂತೇಶ, ಕಂಕುಳಲ್ಲಿ ಪೇಟದ ಡಬ್ಬಿ. ನಾಡಿದ್ದು ಬೆಳಗ್ಗೆ ಅವನ ಧಾರೆ.

"ಬನ್ನಿ ಬನ್ನಿ ಮಾದೇವಪ್ನೋರೆ," ಅಪ್ಪ ಗುಂಡುಸೂಜಿ ಉಗಿದು ಎದ್ದರು. "ಬಿಗಿ ಆಯ್ತಾ?"

"ಪೇಟ ಅಲ್ಲ, ಬಿಗಿ ಆಗಿರೋದು ನಮ್ಗೆ." ಮಹದೇವಪ್ಪನವರು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಚಾಪೆಯ ಮೇಲೆ ಹರವಿದರು. "ಹೆಣ್ಣಿನ ಅಣ್ಣ ಬೆಂಗ್ಳೂರಲ್ಲಿ ಕಂಪ್ಯೂಟರಲ್ಲಿ ನೋಡಿ ಪ್ರಿಂಟ್ ತೆಗ್ದು ಕಳ್ಸವ್ನೆ. ನೋಡಿ ನಿಮ್ ಕಣ್ಣಿಂದ. ನಮ್ಮನೆ ನಂದಿ ಅಲ್ವಾ ಇದು?"

ಶಾಯಿ ಕಮ್ಮಿಯಾದ ಪ್ರಿಂಟರಿನಲ್ಲಿ ತೆಗೆದ ಕಪ್ಪು ಬಿಳುಪು ಕಾಗದ. ಪೇಟ ಮೋಡದ ಹಾಗಿತ್ತು, ಮುಖ ಮಸಿ. ಆದರೆ ನಂದಿ ನಂದಿಯೇ, ಮೂಗು ರಕ್ಷಿತಾಳದೇ. ಅಪ್ಪ ಕಾಗದವನ್ನು ಬಹಳ ಹೊತ್ತು ನೋಡಿದರು. ಅವರು ಇದುವರೆಗೆ ಮಗಳ ಇಂಟರ್ನೆಟ್ ಅಂಗಡಿಯನ್ನು ಕಣ್ಣಾರೆ ಕಂಡವರಲ್ಲ. ಫೋಟೋಗಳೆಲ್ಲ ಮರದ ತಲೆಯವೆಂದೇ ತಿಳಿದಿದ್ದವರು. ರಕ್ಷಿತಾ ಅವರ ಕೊರಳಿನ ನರ ನೋಡುತ್ತ ನಿಂತಳು. ಈಗ ಬಯ್ಯುತ್ತಾರೆ, ಈಗ ಕೈ ಎತ್ತುತ್ತಾರೆ, ಇಂಟರ್‌ವಲ್.

"ಇದು ಕಂಪ್ಯೂಟರ್ ಆಟ," ಎಂದರು ಚಂದ್ರಮೌಳಿ. ದನಿ ಮೆತ್ತಗಿತ್ತು. "ಪೇಟ ಮರದ ತಲೆ ಮೇಲಿತ್ತು. ಮುಖ ಆಮೇಲೆ ಅಂಟ್ಸಿರೋದು. ಈಗೆಲ್ಲ ಹಂಗೆ ಮಾಡ್ತಾರೆ. ಅಲ್ವೇನಮ್ಮ?"

ಅವಳು ಹೂಂ ಅನ್ನಬೇಕಿತ್ತು. ಒಂದೇ ಅಕ್ಷರ, ಎಲ್ಲರೂ ಮನೆಗೆ ಹೋಗುತ್ತಿದ್ದರು. ಆದರೆ ಅಪ್ಪನ ಬಾಯಲ್ಲಿ ಆ ಸುಳ್ಳು, ಜಾತಕದ ಸುಳ್ಳಿನಷ್ಟೇ ಮೆತ್ತಗೆ, ಅವಳ ಮೈಮೇಲೆ ಹಳೆಯ ಕಂಬಳಿಯಂತೆ ಬಂದು ಬಿತ್ತು. ತನ್ನನ್ನು ಮುಚ್ಚುವುದಕ್ಕೆ ಅಂತಲೇ ಅಪ್ಪ ಇಂಥ ಕಂಬಳಿಗಳನ್ನು ಮಡಿಸಿ ಇಟ್ಟುಕೊಂಡಿದ್ದಾರೆ ಅನ್ನಿಸಿತು. ಅವಳು ಹೂಂ ಅನ್ನಲಿಲ್ಲ. ಊಹೂಂ ಅನ್ನುವುದಕ್ಕೂ ಬಾಯಿ ಬರಲಿಲ್ಲ. ಕಮ್ಮಿ ಇದ್ದಿದ್ದರೆ ಎಂದು ಅವರು ಬಯಸಿದ್ದ ಆ ಬಾಯಿ ಅವರ ಮುಂದೆಯೇ ಕಮ್ಮಿಯಾಯಿತಲ್ಲ ಎಂದು ಕೆನ್ನೆ ಬಿಸಿಯಾಯಿತು.

"ಅಂಟ್ಸಿರೋದಾದ್ರೆ ಕಿತ್ತಾಕ್ಲಿ," ಎಂದರು ಮಹದೇವಪ್ಪ. "ನಾನು ನೋಡ್ಬೇಕು, ಕಣ್ಮುಂದೆ. ಎಲ್ಲದೆ ಆ ಕಂಪ್ಯೂಟ್ರು?"

ನಾಲ್ಕು ಜನ ಗಲ್ಲಿ ದಾಟಿ ದಿಲೀಪನ ಬ್ರೌಸಿಂಗ್ ಸೆಂಟರಿನ ಮೆಟ್ಟಿಲು ಹತ್ತಿದರು. ಅಪ್ಪ ಬರಿಗಾಲಲ್ಲೇ ಹೊರಟುಬಿಟ್ಟಿದ್ದರು. ಪ್ಲೈವುಡ್ಡಿನ ಗೂಡಿನೊಳಗೆ ಒಬ್ಬರು ಕೂರುವ ಜಾಗ. ರಕ್ಷಿತಾ ಕೂತಳು, ಉಳಿದವರು ಬೆನ್ನ ಹಿಂದೆ ಒತ್ತಿ ನಿಂತರು. ಮಹದೇವಪ್ಪನವರ ಉಸಿರಿನಲ್ಲಿ ಲವಂಗ. ಕತ್ತಿನ ಹಿಂಭಾಗಕ್ಕೆ ಡಬ್ಬಿಯ ಮೂಲೆ ತಾಗುತ್ತಿತ್ತು, ಮಹಾಂತೇಶ ಅದನ್ನು ಹಿಂದಕ್ಕೆ ಎಳೆದುಕೊಂಡದ್ದು ಗೊತ್ತಾಯಿತು. ಅವಳು ಪಾಸ್‌ವರ್ಡ್ ಒತ್ತಿದಳು. ಫೋನ್ ಲೈನು ಕಿರುಗುಟ್ಟಿತು.

ಚಿತ್ರ ಮೇಲಿನಿಂದ ಇಳಿಯತೊಡಗಿತು, ಒಂದೊಂದೇ ಗೆರೆ. ಮೊದಲು ಗಿಳಿಹಸಿರು ತುದಿ. ಆಮೇಲೆ ನೆರಿಗೆ, ಜರಿ. ಆಮೇಲೆ ನಂದಿ.

"ಅಬ್ಬಾ," ಎಂದುಬಿಟ್ಟರು ಮಹದೇವಪ್ಪ, ತಮಗೇ ತಿಳಿಯದೆ. "ಏನು ಕೆಲ್ಸ ಚಂದ್ರಮೌಳಿಯೋರೆ. ಕಣ್ಣಿಗೆ ಒತ್ಕೋಬೇಕು."

ಅಪ್ಪ ಕನ್ನಡಕ ಹಾಕಿಕೊಂಡರು. ತಮ್ಮ ಪೇಟವನ್ನು ಬೇರೆಯವರ ಅಂಗಡಿಯಲ್ಲಿ ನೋಡುವಂತೆ ಬಗ್ಗಿ ನೋಡಿದರು. ಇನ್ನೂ ಎರಡು ಗೆರೆ ಇಳಿಯಿತು. ಪೇಟದಂಚಿನ ಕೆಳಗೆ ಹಣೆ ಕಾಣಿಸಿತು. ಹಣೆಯ ಮೇಲೆ, ಪೇಟ ಒಂದಿಷ್ಟು ಹಿಂದಕ್ಕೆ ಸರಿದ ಜಾಗದಲ್ಲಿ, ಎಡದಿಂದ ಬಲಕ್ಕೆ ಒಂದು ಬಿಳಿಯ ಗೆರೆ. ಕಪ್ಪು ಬಿಳುಪು ಕಾಗದ ಅದನ್ನು ನುಂಗಿಹಾಕಿತ್ತು. ಮೂರು ವಾರದಿಂದ ಅವಳೂ ಅದನ್ನು ಕಂಡಿರಲಿಲ್ಲ. ಹುಬ್ಬು ಸರಿಯಾಗಿ ಏರಿದೆಯೇ ಎಂದಷ್ಟೇ ನೋಡಿದ್ದಳು. ಮಹದೇವಪ್ಪನವರಿಗೆ ಅದು ಬರೀ ವಿಭೂತಿ, ಯಾರ ಹಣೆಯಲ್ಲಾದರೂ ಇರುವಂಥದು. ಅಪ್ಪನಿಗೆ ಅದು ತಮ್ಮದೇ ಬೆರಳು. ಅವರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

ಕಣ್ಣು ಇಳಿಯಿತು, ಮೂಗು ಇಳಿಯಿತು, ತುಟಿಯ ಆ ಸೊಕ್ಕಿನ ನಗೆ ಕೊನೆಗೆ ಬಂದು ಕೂತಿತು.

"ಕಿತ್ತಾಕಮ್ಮ ಈಗ," ಎಂದರು ಮಹದೇವಪ್ಪ.

ಎಂಟು ತಿಂಗಳಿಂದ ಅವಳು ಈ ಘಳಿಗೆಗೆ ಡೈಲಾಗು ಕೂಡಿಸಿಟ್ಟಿದ್ದಳು. ಬಸ್ಸಿನಲ್ಲಿ, ಬಚ್ಚಲಲ್ಲಿ, ಕನ್ನಡಿಯ ಮುಂದೆ. ಬಾಯಿ ಕಮ್ಮಿ ಮಾಡ್ಕೊಳ್ಳೋಕೆ ಇದು ರೇಡಿಯೋ ಅಲ್ಲ ಸಾರ್, ಕಿವಿ ನಿಮ್ದು, ತಿರುಪೋದಾದ್ರೆ ಅದನ್ನ ತಿರುಪಿ. ಎಲ್ಲವೂ ಮುಂದಿನ ಬೆಂಚಿನವರು ಶಿಳ್ಳೆ ಹೊಡೆಯುವಂಥವೇ. ಈಗ ಒಂದೂ ಬರಲಿಲ್ಲ. ಕುರ್ಚಿ ತಿರುಗಿಸಿದಳು.

"ಅಂಟ್ಸಿದ್ದಲ್ಲ. ಅಪ್ಪ ಸುಳ್ಳು ಹೇಳಿದ್ರು, ನನಗೋಸ್ಕರ. ತಲೆ ನಂದೇ. ಡಬ್ಬಿ ಮುಚ್ಚಿದ್ಮೇಲೆ ತೆಗ್ದು ಇಟ್ಕೊಂಡೆ. ವಿಭೂತಿ ಗೆರೆ ಅಳಿಸ್ತು, ನಾನೇ ಇನ್ನೊಂದ್ ಎಳ್ದೆ."

ಆಚೆ ಗೂಡಿನಲ್ಲಿ ಯಾರೋ ಜೋರಾಗಿ ಕೀಲಿಮಣೆ ಕುಟ್ಟುತ್ತಿದ್ದರು.

"ನನ್ನದ್ನೇ ಯಾಕೆ?" ಮಹಾಂತೇಶ ಕೇಳಿದ. ಅವನು ಬಾಯಿ ಬಿಟ್ಟದ್ದು ಇದೇ ಮೊದಲು. ಕೋಪದಿಂದಲ್ಲ, ದಾರಿ ಕೇಳುವವನ ಹಾಗೆ.

"ಬೇಕಂತ್ಲೇ," ಎಂದಳು. "ನೀವು ಅವತ್ತು ನಕ್ಕಿದ್ರಿ. ಆಮೇಲೆ ದೊಡ್ಡಪ್ಪನ ಹತ್ರ ಫೋನ್ ಮಾಡಿಸಿದ್ರಿ. ಅದಕ್ಕೆ. ತಪ್ಪು ಮಾಡ್ದೆ. ನಿಮ್ ಹೆಂಡ್ತಿಯಾಗೋರ್ಗೂ ಸೇರಿಸಿ ಕ್ಷಮೆ ಕೇಳ್ತೀನಿ."

ಮಹಾಂತೇಶ ಡಬ್ಬಿಯ ಮುಚ್ಚಳ ನೋಡುತ್ತ ನಿಂತ. ಕಿವಿ ಕೆಂಪಾಗಿತ್ತು.

ಅಪ್ಪ ಅವನ ಕಂಕುಳಿನಿಂದ ಡಬ್ಬಿಯನ್ನು ತೆಗೆದುಕೊಂಡರು. "ತಪ್ಪು ನಮ್ದು ಮಾದೇವಪ್ನೋರೆ. ಬಟ್ಟೆ ಇದೆ, ಅಳತೆ ಮೊಳೆ ಮೇಲಿದೆ. ನಾಳೆ ಸಂಜೆಗೆ ಹೊಸದು ಕಟ್ಟಿ ನಾನೇ ಒಂಟಿಕೊಪ್ಪಲ್‌ಗೆ ತಂದುಕೊಡ್ತೀನಿ. ನಂದೀನ ಬಿಚ್ಚಿ ಹೊಸದಕ್ಕೇ ಹೊಲಿದು ಕೊಡ್ತೀನಿ." ಮಗಳ ಕಡೆ ನೋಡಲಿಲ್ಲ.

"ಅದು ನಿಮ್ ದೊಡ್ಡತನ," ಎಂದರು ಮಹದೇವಪ್ಪ. "ಆದ್ರೆ ಇಂಥವು ಇನ್ನೂ ಹದಿಮೂರು ಅವೆಯಂತಲ್ಲ ಇದ್ರಲ್ಲಿ? ಮದ್ವೆ ಗಂಡಿನ ಪೇಟ ಇಟ್ಕೊಂಡು ಹೆಣ್ಣುಮಗ್ಳು ಹಿಂಗೆ ನಗೋದು... ಬೀಗರು ಕೇಳ್ತಾವ್ರೆ, ಇದೆಂಥ ಅಂಗ್ಡಿಗೆ ಕೊಟ್ರಿ ಅಂತ. ಎಲ್ಲಾ ತೆಗೀಲಿ. ಮಠದೋರ್ಗೂ ಗೊತ್ತಾದ್ರೆ ಕಾರ್ತೀಕದ ಸನ್ಮಾನದ ಪೇಟದ ಆರ್ಡರು ಇಲ್ಲಿಗೆ ಬರಲ್ಲ. ಈಗ್ಲೇ ಹೇಳ್ಬುಟ್ಟೆ."

ರಕ್ಷಿತಾ ಪರದೆಯ ಕಡೆ ತಿರುಗಿದಳು. ಬೆನ್ನ ಮೇಲೆ ಮೂರು ಜೊತೆ ಕಣ್ಣು. ಗಿಳಿಹಸಿರು ಚಿತ್ರವನ್ನು ಆರಿಸಿದಳು. ಅಳಿಸಬೇಕೆ ಎಂದು ಯಂತ್ರ ಕೇಳಿತು. ಅಳಿಸಿದಳು. ಚಿತ್ರವಿದ್ದ ಜಾಗದಲ್ಲಿ ಕೆಂಪು ಗುಣಿಸು ಗುರುತಿನ ಒಂದು ಬಿಳಿ ಚೌಕ ಉಳಿಯಿತು. ಹೊಟ್ಟೆಯೊಳಗೆ ಏನೋ ಹಗುರಾಯಿತು. ಹಗುರಾದ ಜಾಗಕ್ಕೆ ತಕ್ಷಣ ಇನ್ನೇನೋ ಬಂದು ಕೂತಿತು, ಗಟ್ಟಿಯಾಗಿ, ಕಾಲು ಚಾಚಿಕೊಂಡು. ಕದ್ದು ಇಟ್ಟುಕೊಂಡದ್ದು ಒಂದೇ ಒಂದು. ಅದಕ್ಕೆ ತಲೆ ಬಗ್ಗಿಸಿಯಾಯಿತು. ಇನ್ನು ಬಗ್ಗಿಸಬೇಕಾದ್ದೇನಿದೆ?

"ನಂದಿ ನಿಮ್ದು, ತೆಗ್ದೆ," ಎಂದಳು. "ಉಳ್ದಿದ್ದು ತೆಗೆಯಲ್ಲ."

"ಏನಂದೆ?"

"ತೆಗೆಯಲ್ಲ ಅಂದೆ ಸಾರ್. ಅವು ಅಪ್ಪ ಗೆರೆ ಎಳೆಯೋಕೆ ಮುಂಚೆ ಇಟ್ಕೊಂಡಿದ್ದು. ಬಟ್ಟೆ ಅವು. ಬಟ್ಟೆ ಅಂಗಡೀಲಿ ಸೀರೆನ ಹುಡುಗ್ರು ಉಟ್ಕೊಂಡು ತೋರಿಸ್ತಾರಲ್ಲ, ಹೆಗಲ ಮೇಲೆ ಸೆರಗು ಹಾಕ್ಕೊಂಡು? ಅದನ್ನ ನೋಡಿ ನಿಮ್ಮನೇಲಿ ಯಾರಾದ್ರೂ ಸೀರೆ ವಾಪಸ್ ಕೊಟ್ಟವ್ರಾ? ಹುಡುಗ ಸೀರೆ ಉಟ್ರೆ ವ್ಯಾಪಾರ. ನಾನು ಪೇಟ ಇಟ್ರೆ ಮಾತ್ರ ಮಾನ ಹೋಯ್ತದಾ?"

ಪ್ಲೈವುಡ್ಡಿನ ಆಚೆಯ ಕೀಲಿಮಣೆ ನಿಂತಿತ್ತು. ದಿಲೀಪ ಕೆಮ್ಮಿದ, ಅಥವಾ ನಗುವನ್ನು ಕೆಮ್ಮು ಮಾಡಿಕೊಂಡ.

"ನೋಡಿದ್ರಾ ಚಂದ್ರಮೌಳಿಯೋರೆ," ಮಹದೇವಪ್ಪನವರು ಅಪ್ಪನ ಕಡೆ ತಿರುಗಿದರು, "ಇದೇ. ಅವತ್ತು ನಾನು ಫೋನಲ್ಲಿ ಹೇಳಿದ್ದು ಇದೇ. ನೀವೊಂದ್ ಮಾತ್ ಹೇಳಿ, ತೆಗೀತಾಳೆ."

ಅಪ್ಪ ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತಿದ್ದರು. ಹೇಳಿಯೇ ಬಿಡುತ್ತಾರೆ ಅನ್ನಿಸಿತು ಅವಳಿಗೆ. ಹೇಳಿದರೆ ತೆಗೆಯಬೇಕಾಗುತ್ತದೆ, ಇವತ್ತು ಅವರಿಗೆ ಎದುರಾಡುವ ಮುಖ ತನಗಿಲ್ಲ.

"ವಿಭೂತಿಗೆ ಕೈ ಹಾಕಿದ್ದಕ್ಕೆ ಅವ್ಳ ಹತ್ರ ನಾನು ಮಾತಾಡೋದಿದೆ," ಎಂದರು ಚಂದ್ರಮೌಳಿ ನಿಧಾನವಾಗಿ. "ಅದು ಮನೇಲಿ. ಅಂಗಡಿ ವಿಷ್ಯ ಅಂದ್ರೆ... ಗಲ್ಲೀಲಿರೋ ಅಂಗಡಿ ನಂದು ಮಾದೇವಪ್ನೋರೆ. ಇದು ಅವ್ಳದು. ಇಲ್ಲಿ ಏನಿಡ್ಬೇಕು ಅಂತ ನಾನು ಹೇಳೋಕಾಗಲ್ಲ." ಡಬ್ಬಿಯನ್ನು ಕಂಕುಳಿಗೆ ಸರಿಸಿಕೊಂಡರು. "ಮಠದೋರ್ಗೆ ನಾನೇ ಹೇಳ್ತೀನಿ ಬುಡಿ. ನೀವು ತೊಂದ್ರೆ ತಗೋಬೇಡಿ."

ಮಹದೇವಪ್ಪನವರು ಇನ್ನೇನೋ ಹೇಳಹೊರಟು, ಗೂಡು ಇಕ್ಕಟ್ಟಾಗಿದ್ದರಿಂದ ಜೋರಾಗಿ ತಿರುಗಲೂ ಆಗದೆ, ಪಕ್ಕಕ್ಕೆ ಪಕ್ಕಕ್ಕೆ ಸರಿದು ಹೊರಗೆ ಹೋದರು. ಮಹಾಂತೇಶ ಹಿಂದೆ ಹೋದ. ಮೆಟ್ಟಿಲಲ್ಲಿ ಒಮ್ಮೆ ತಿರುಗಿದನೇ ಇಲ್ಲವೇ ಎಂದು ಅವಳು ನೋಡಲಿಲ್ಲ. ನೋಡಬಾರದೆಂದಲ್ಲ, ಅಪ್ಪ ಇನ್ನೂ ಅಲ್ಲೇ ನಿಂತಿದ್ದರು.

"ಅಪ್ಪ..."

"ಮನೇಲಿ," ಎಂದರು. ಎರಡು ಹೆಜ್ಜೆ ಹೋದರು. ಕತ್ತು ತಿರುಗಿಸದೆ, "ಆ ಚೌಕ ಖಾಲಿ ಬಿಡ್ಬೇಡ. ಹಲಗೆ ಖಾಲಿ ಇರೋ ಅಂಗಡಿಗೆ ಜನ ಹತ್ತಲ್ಲ," ಎಂದು ಹೇಳಿ, ಬರಿಗಾಲಲ್ಲಿ ಮೆಟ್ಟಿಲಿಳಿದು ಹೋದರು. ಅವರ ದನಿಯಲ್ಲಿ ಕ್ಷಮೆ ಇರಲಿಲ್ಲ. ಮನೆಯಲ್ಲಿ ಎಷ್ಟು ದಿನದ ಮೌನ ಕಾದಿದೆಯೋ. ಇರಲಿ, ಅದನ್ನು ತಾನೇ ಸಂಪಾದಿಸಿದ್ದು.

ದಿಲೀಪ ಇಣುಕಿದ. "ಏನ್ ಸೀನ್ ಕಣೇ! ನಾನಾಗಿದ್ರೆ ಹದಿನಾಲ್ಕೂ ತೆಗ್ದು, ಕಂಪ್ಯೂಟ್ರೂ ಅವ್ರ ಕಾರಿಗೆ ಹಾಕಿ ಕಳಿಸ್ತಿದ್ದೆ. ಈಗ ಆ ಜಾಗಕ್ಕೆ ಏನ್ ಹಾಕ್ತೀಯ? ಹೊಸ ಪೇಟ ಯಾವುದೈತೆ?"

"ಕ್ಯಾಮೆರಾ ತಾ."

"ಪೇಟ ಎಲ್ಲಿ?"

"ತಾರೋ ಅಂದ್ರೆ."

ಕಿಟಕಿಯ ಹತ್ತಿರ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಜಡೆ ಬಿಚ್ಚಿ ಮುಂದೆ ಹಾಕಿಕೊಂಡಳು. ಹುಬ್ಬು ಏರಿಸಲಿಲ್ಲ, ಗದ್ದ ಎತ್ತಲಿಲ್ಲ, ಪೋಸು ಕೊಡುವ ತಾಳ್ಮೆಯೇ ಇರಲಿಲ್ಲ. ಸಿಟ್ಟು ಇನ್ನೂ ಮೂಗಿನ ತುದಿಯಲ್ಲಿತ್ತು, ಕಣ್ಣ ಕೆಳಗೆ ಒಂದಿಷ್ಟು ಒದ್ದೆ. ದಿಲೀಪ ತಮಾಷೆ ಮಾಡಲು ಬಾಯಿ ತೆರೆದು, ಮುಚ್ಚಿಕೊಂಡು, ಒತ್ತಿದ. ಫೋಟೋ ಏರುವ ಹೊತ್ತಿಗೆ ಅವಳು ಅದರ ಕೆಳಗಿನ ಸಾಲನ್ನು ಟೈಪ್ ಮಾಡಿ ಮುಗಿಸಿದ್ದಳು: ಹದಿನಾಲ್ಕು. ರಕ್ಷಿತಾ, ಪೇಟ ಕಟ್ಟುವ ಚಂದ್ರಮೌಳಿಯವರ ಮಗಳು. ಈ ಅಂಗಡಿಯ ಚಿತ್ರಗಳಲ್ಲಿರುವ ತಲೆ ಇದೇ. ನಿಮಗೆ ಬರುವ ಪೇಟವನ್ನು ಯಾರೂ ಇಟ್ಟುಕೊಂಡಿರುವುದಿಲ್ಲ, ಆ ಮಾತಿಗೆ ನಾನು ಹೊಣೆ. ಚಿತ್ರಕ್ಕೆ ಇಟ್ಟುಕೊಂಡದ್ದು ಚಿತ್ರಕ್ಕೇ, ಮಾರುವುದಿಲ್ಲ.

"ಈ ಕೊನೇ ಸಾಲಿಗೆ ನಿಮ್ಮಪ್ಪ ಒಪ್ಪಬೇಕಲ್ಲೇ?" ಎಂದ ದಿಲೀಪ. "ಚಿತ್ರಕ್ಕೇ ಅಂತ ಒಂದೊಂದು ಪೇಟ ಜಾಸ್ತಿ ಯಾರು ಕಟ್ತಾರೆ?"

"ನಾನು," ಎಂದಳು ರಕ್ಷಿತಾ. ನೆರಿಗೆ ಕೂರಿಸಲು ಅವಳಿಗೆ ಬರುತ್ತಿರಲಿಲ್ಲ, ಒಂದು ಸಲವೂ ಕೂರಿಸಿ ನೋಡಿದವಳಲ್ಲ. ಪುಟ ಸೇವ್ ಮಾಡಿ ಎದ್ದಳು. ಮೆಟ್ಟಿಲಿಳಿದು ಗಲ್ಲಿಗೆ ಬಂದಾಗ ಅಂಗಡಿಯಲ್ಲಿ ಅಪ್ಪ ಆಗಲೇ ಗಿಳಿಹಸಿರು ಬಟ್ಟೆಯನ್ನು ಚಾಪೆಯ ಮೇಲೆ ಹಾಸಿ ಕತ್ತರಿ ಹುಡುಕುತ್ತಿದ್ದರು. ಅವಳು ಬಾಗಿ ಒಳಗೆ ಹೋಗಿ, ಕೇಳದೆ, ಎದುರಿಗೆ ಕೂತು, ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದಳು. ಬಿಡು ಎಂದು ಅಪ್ಪ ಹೇಳಲಿಲ್ಲ. ಹೇಳಿದ್ದರೂ ಅವಳು ಬಿಡುತ್ತಿರಲಿಲ್ಲ.